ಒತ್ತಿ, ಹಿಡ್ಕೊಳ್ಳಿ, ಬಿಡಿ

ಕಾರಿನ ಮೂರು ಪೆಡಲ್‌ಗಳಲ್ಲಿ ಕ್ಲಚ್‌ನದ್ದು ತುಂಬಿದ ಮನೆಯ ಹಿರಿಸೊಸೆಯ ಪಾಡು. ಆಕ್ಸಿಲರೇಟರ್ ಒತ್ತಿದರೆ ಗಾಡಿ ಓಡುತ್ತದೆ, ಹೊಗಳಿಕೆ ಅದಕ್ಕೆ. ಬ್ರೇಕ್ ಒತ್ತಿದರೆ ಜೀವ ಉಳಿಯುತ್ತದೆ, ಮರ್ಯಾದೆ ಅದಕ್ಕೆ. ಕ್ಲಚ್ಚೋ, ದಿನಕ್ಕೆ ನೂರಾರು ಸಲ ತುಳಿಸಿಕೊಂಡು, ಇಂಜಿನ್ನಿಗೂ ಗೇರಿಗೂ ಜಗಳ ಹತ್ತದ ಹಾಗೆ ನಡುವೆ ನಿಂತಿರುತ್ತದೆ. ಹಾಗೊಂದು ವಸ್ತು ಇದೆ ಅಂತ ನಮಗೆ ನೆನಪಾಗುವುದೇ ಅದು ಕೈಕೊಟ್ಟ ದಿನ.

ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಮೂಲೆಯ ಹಳ್ಳಿ. ಅಡಿಕೆ ತೋಟ, ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಮನೆಯಿಂದ ಡಾಂಬರು ರಸ್ತೆಗೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ದಾರಿ. ನಾನು ವಿಜ್ಞಾನ ಹೇಳಿಕೊಡುವ ಪ್ರೌಢಶಾಲೆ ಹನ್ನೊಂದು ಕಿಲೋಮೀಟರ್ ದೂರ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಎರಡೂ ಶಾಲೆಯ ಬೆಲ್ಲಿಗೆ ಹೊಂದುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಕಾರು ಅಂದ್ರೆ ಶೋಕಿಯಲ್ಲ, ಕೊಡೆ ಟಾರ್ಚು ಇದ್ದ ಹಾಗೆ.

ಆ ಕಾರು 2003ರ ಕ್ವಾಲಿಸ್. ಟೊಯೊಟಾ ಕಿರ್ಲೋಸ್ಕರ್‌ನವರು ನಮ್ಮ ಬಿಡದಿಯ ಕಾರ್ಖಾನೆಯಿಂದ ಮೊದಲು ಹೊರತಂದ ಗಾಡಿ ಇದೇ. 2000ದಲ್ಲಿ ಮಾರುಕಟ್ಟೆಗೆ ಬಂತು, 2005ರಲ್ಲಿ ಇನ್ನೋವಾ ಬಂದ ಮೇಲೆ ನಿಂತುಹೋಯಿತು. ಆ ಐದು ವರ್ಷದಲ್ಲೇ ಎಷ್ಟು ಮದುವೆ ದಿಬ್ಬಣ, ಎಷ್ಟು ಧರ್ಮಸ್ಥಳ-ಶೃಂಗೇರಿ ಯಾತ್ರೆಗಳಿಗೆ ಒದಗಿತ್ತೋ! ಈಗಲೂ ಮಲೆನಾಡಿನ ಅಂಗಳಗಳಲ್ಲಿ ಅಲ್ಲಲ್ಲಿ ಅಡಿಕೆ ಮೂಟೆ ಹೊತ್ತು ನಿಂತಿರುವುದು ಕಾಣುತ್ತದೆ.

ನಮ್ಮದನ್ನು ತಂದವರು ನನ್ನ ಮಾವ. ಗಾಡಿ ಅಂಗಳಕ್ಕೆ ಬಂದ ದಿನವೇ ಅದಕ್ಕೊಂದು ನೀಲಿ ರಟ್ಟಿನ ನೋಟ್‌ಬುಕ್ ಕೂಡ ಬಂತಂತೆ. ತಾರೀಕು, ಕಿಲೋಮೀಟರ್, ಏನು ಕೆಲಸ, ಮಾಡಿದವರು ಯಾರು, ಎಷ್ಟು ಹಣ - ಸ್ಕೇಲಿಟ್ಟು ಗೆರೆ ಎಳೆದ ಐದು ಕಾಲಮ್. ಆಯಿಲ್ ಬದಲಿಸಿದ್ದರಿಂದ ಹಿಡಿದು ವೈಪರ್ ರಬ್ಬರ್ ಹಾಕಿದ್ದರವರೆಗೆ ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿ. ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. 'ಕ್ಲಚ್ಚನ್ನ ಕಾಲಲ್ಲಿ ಅಲ್ಲ, ಕಿವೀಲಿ ಬಿಡ್ಬೇಕು' ಅನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಶಿವಮೊಗ್ಗದ ಕಣ್ಣಿನ ಡಾಕ್ಟರು ಅವರಿಗೆ ಗ್ಲಾಕೋಮಾ ಅಂದರು. ಇದು ಸದ್ದಿಲ್ಲದೆ ಬರುವ ಕಾಯಿಲೆ. ಎದುರಿನದು ಕಾಣುತ್ತಲೇ ಇರುತ್ತದೆ, ಅಂಚಿನಿಂದ ನೋಟ ಕಿರಿದಾಗುತ್ತ ಬರುತ್ತದೆ. ಹೋದ ನೋಟ ಮರಳುವುದಿಲ್ಲ. ಹನಿ ಔಷಧ ಹಾಕಿಕೊಂಡು ಉಳಿದದ್ದನ್ನು ಕಾಪಾಡಿಕೊಳ್ಳಬೇಕು. 'ಇನ್ನು ಮೇಲೆ ಸ್ಟೇರಿಂಗ್ ಹಿಡಿಯೋದು ಬೇಡ ಯಜಮಾನ್ರೇ' ಅಂತ ಡಾಕ್ಟರು ಮೆಲ್ಲಗೇ ಹೇಳಿದರು. ಮಾವ ವಾದ ಮಾಡಲಿಲ್ಲ. ಮನೆಗೆ ಬಂದವರೇ ಕಾರಿನ ಕೀಯನ್ನು ನಡುಮನೆಯ ಮೊಳೆಗೆ ಸಿಕ್ಕಿಸಿದರು. ಆಮೇಲೆ ಗಾಡಿ ನಿಲ್ಲಿಸುವ ಕೊಟ್ಟಿಗೆಯ ಕಡೆಗೇ ಅವರು ಹೋಗಲಿಲ್ಲ. ನೀಲಿ ನೋಟ್‌ಬುಕ್ಕಿನಲ್ಲಿ ಬರೆಯುವುದೂ ಅವತ್ತಿಗೇ ನಿಂತಿತು. ನಾನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತೇನೆಂದರೂ 'ನೀವು ಹೋಗ್ಬನ್ನಿ' ಅನ್ನುವರು. ಕಣ್ಣಿಗೇನೋ ಹನಿ ಇತ್ತು. ಈ ಸಂಕಟಕ್ಕೆ ಯಾವ ಹನಿಯೂ ಇರಲಿಲ್ಲ.

ಇಂಥದ್ದರಲ್ಲಿ ಕಳೆದ ಮಳೆಗಾಲದ ಒಂದು ಗುರುವಾರ ಸಂಜೆ, ಶಾಲೆಯಿಂದ ಬರುತ್ತಿರುವಾಗ, ಕ್ಲಚ್ ಪೆಡಲ್ ಒತ್ತಿದ್ದು ಒತ್ತಿದ ಹಾಗೇ ನೆಲಕ್ಕೆ ಮಲಗಿತು. ಗೇರು ಬೀಳದು. ಮನೆ ಇನ್ನೂ ನಾಲ್ಕು ಕಿಲೋಮೀಟರ್ ದೂರ. ಸುತ್ತ ಕಾಡು, ಮೇಲೆ ಮಳೆ, ಮೊಬೈಲಿನಲ್ಲಿ ಒಂದೇ ಗೆರೆ ಸಿಗ್ನಲ್. ಫೋನ್ ಎತ್ತಿದವರು ಮಾವ.

'ಹತ್ತು ಸಲ ಬೇಗ ಬೇಗ ಪಂಪ್ ಮಾಡು. ಏನಾದ್ರೂ ಬಂತಾ?'

'ಸ್ವಲ್ಪ ಬಂತು, ಮತ್ತೆ ಹೋಯ್ತು.'

'ಹಾಗಾದ್ರೆ ಅದನ್ನ ಮರೆತುಬಿಡು. ಇಂಜಿನ್ ಆಫ್ ಮಾಡು. ಮುಂದೆ ಜನ, ದನ ಯಾವ್ದೂ ಇಲ್ಲ ತಾನೇ? ಫಸ್ಟ್ ಗೇರ್ ಹಾಕು. ಹ್ಯಾಂಡ್‌ಬ್ರೇಕ್ ಬಿಟ್ಟು ಕೀ ತಿರುಗಿಸು. ಗಾಡಿ ಒಂದ್ಸಲ ಹಾರ್ತದೆ, ಹೆದರ್ಬೇಡ.'

ಹಾರಿತು. ಹಾರಿದ ಜೋರಿಗೇ ಇಂಜಿನ್ ಹೊತ್ತಿಕೊಂಡಿತು. ನಿಲ್ಲಿಸಬೇಕಾದರೆ ಗೇರನ್ನು ಎಳೆದು ನ್ಯೂಟ್ರಲ್‌ಗೆ ತಂದು ಬ್ರೇಕ್ ಒತ್ತು ಅಂದಿದ್ದರು. ಎತ್ತಿನಗಾಡಿಯ ಗತಿಯಲ್ಲಿ, ಫಸ್ಟ್ ಗೇರಿನಲ್ಲೇ, ನಾಲ್ಕು ಕಿಲೋಮೀಟರ್ ಬಂದೆ. (ಇದು ಖಾಲಿ ರಸ್ತೆಯಲ್ಲಿ ಮನೆ ಮುಟ್ಟುವ ಉಪಾಯ, ಅಷ್ಟೇ. ಪೇಟೆಯ ಟ್ರಾಫಿಕ್ಕಿನಲ್ಲಿ ಯಾರೂ ಪ್ರಯತ್ನಿಸಬೇಡಿ.) ಅಂಗಳಕ್ಕೆ ಬಂದಾಗ ಮಾವ ಜಗುಲಿಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಗಾಡಿಯ ಹತ್ತಿರ ಬರಲಿಲ್ಲ. 'ಬಂದ್ಯಲ್ಲ' ಅಂದು ಒಳಗೆ ಹೋದರು.

ರಾತ್ರಿ ಬೆಂಗಳೂರಿನಿಂದ ನನ್ನವರ ಫೋನು. 'ಇಪ್ಪತ್ತೆರಡು ವರ್ಷದ ಗಾಡಿ. ಆರ್‌ಸಿ ಹದಿನೈದು ವರ್ಷ ಮುಗಿದು ಎರಡ್ಸಲ ರಿನ್ಯೂ ಆಯ್ತು, 2028ಕ್ಕೆ ಮತ್ತೆ ಮಾಡಿಸ್ಬೇಕು. ಇನ್ನೂ ಎಷ್ಟು ಅಂತ ಸುರಿಯೋದು? ಕೊಟ್ಬಿಡೋಣ.' ಲೆಕ್ಕಕ್ಕೆ ಅವರ ಮಾತು ಸರಿಯೇ. ಆದರೆ ಫೋನಿನ ಸದ್ದು ನಡುಮನೆಗೆ ಕೇಳುತ್ತಿತ್ತು, ಮಾವ ಅಲ್ಲೇ ಕುರ್ಚಿಯಲ್ಲಿದ್ದರು. ಅವರು ತಲೆ ಎತ್ತಲಿಲ್ಲ. ಆ ಗಾಡಿಯೂ ಅಂಗಳದಿಂದ ಹೋದರೆ ಅದರ ಜೊತೆ ಇನ್ನೇನು ಹೋಗುತ್ತದೆ ಅನ್ನುವುದು ನನಗೆ ಆ ಹೊತ್ತಿನಲ್ಲಿ ಸ್ಪಷ್ಟವಾಗಿ ಕಂಡಿತು. 'ಭಾನುವಾರದವರೆಗೆ ಟೈಮ್ ಕೊಡಿ' ಅಂದೆ.

ಮಾರನೆಯ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದೆ. ಬಾನೆಟ್ ಒಳಗೆ ಕ್ಲಚ್ಚಿನ ಎಣ್ಣೆಯ ಪುಟ್ಟ ಡಬ್ಬಿ ಹೆಚ್ಚುಕಡಿಮೆ ಖಾಲಿ. ಡ್ರೈವರ್ ಕಾಲಿನ ಜಾಗದಲ್ಲಿ, ಪೆಡಲ್ ಹಿಂದಿನ ಗೋಡೆಯಲ್ಲಿ ಜಿಡ್ಡು ಇಳಿದಿತ್ತು, ಮ್ಯಾಟ್ ಒದ್ದೆ. ಗಾಡಿಯ ಕೆಳಗೆ ಗೇರ್‌ಬಾಕ್ಸಿನ ಪಕ್ಕ ಇರುವ ಇನ್ನೊಂದು ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿದರೆ ಅಲ್ಲಿ ಒಣಗಿತ್ತು. ಅಂದರೆ ಸೋರುತ್ತಿರುವುದು ಮೇಲಿನದು, ಮಾಸ್ಟರ್ ಸಿಲಿಂಡರ್. ಇಪ್ಪತ್ತೆರಡು ವರ್ಷ ತುಳಿಸಿಕೊಂಡ ರಬ್ಬರು ಸವೆದರೆ ಅದನ್ನು ದೂರುವ ಹಾಗಿಲ್ಲ. ಮನುಷ್ಯರ ಮಂಡಿಯೇ ಅಷ್ಟು ತಡೆಯುವುದಿಲ್ಲ, ನಮ್ಮತ್ತೆಯನ್ನು ಕೇಳಿ!

ಈ ವ್ಯವಸ್ಥೆ ಬಹಳ ಸರಳ. ಶಾಲೆಯಲ್ಲಿ ಒತ್ತಡದ ಪಾಠಕ್ಕೆ ನಾನು ಎರಡು ಸಿರಿಂಜು, ನಡುವೆ ಒಂದು ಪ್ಲಾಸ್ಟಿಕ್ ನಳಿಗೆ, ಒಳಗೆ ನೀರು ತುಂಬಿಸಿ ತೋರಿಸುತ್ತೇನೆ. ಈ ಕಡೆ ಒತ್ತಿದರೆ ಆ ಕಡೆಯದು ಏಳುತ್ತದೆ. ಹದಿನೇಳನೇ ಶತಮಾನದ ಫ್ರಾನ್ಸಿನ ಪ್ಯಾಸ್ಕಲ್ ಹೇಳಿದ್ದು ಇದನ್ನೇ: ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಕಾರಿನಲ್ಲಿ ಪೆಡಲ್ ಒತ್ತಿದಾಗ ಒಂದು ಸರಳು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಎಣ್ಣೆ ಪೈಪಿನಲ್ಲಿ ಸಾಗಿ ಕೆಳಗಿನ ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ. ಅದು ಕ್ಲಚ್ಚಿನ ಫೋರ್ಕನ್ನು ನೂಕಿ ಇಂಜಿನ್ನಿನಿಂದ ಗೇರನ್ನು ಬಿಡಿಸುತ್ತದೆ. ಮಕ್ಕಳಿಗೆ ನಾನು ತೋರಿಸುವ ಎರಡನೆಯ ಆಟ ಇನ್ನೂ ಮುಖ್ಯ. ನಳಿಗೆಯಲ್ಲಿ ಒಂದು ಗಾಳಿಗುಳ್ಳೆ ಬಿಟ್ಟರೆ ಈ ಕಡೆ ಎಷ್ಟು ಒತ್ತಿದರೂ ಆ ಕಡೆ ಮಿಸುಕುವುದೇ ತಡ. ದ್ರವ ಕುಗ್ಗುವುದಿಲ್ಲ ಅಂತಲೇ ಹೇಳಬಹುದು, ಗಾಳಿ ಕುಗ್ಗುತ್ತದೆ. ನಮ್ಮ ಶ್ರಮವನ್ನೆಲ್ಲ ಅದೇ ತಿಂದುಬಿಡುತ್ತದೆ.

ಪೇಟೆಯ ಗ್ಯಾರೇಜಿನವರು ಗಾಡಿ ತನ್ನಿ ಅಂದರು, ತರುವುದೇ ಕಷ್ಟ. ಎಳೆಸಿಕೊಂಡು ಹೋಗುವ ಬಾಡಿಗೆಯೇ ಕೆಲಸದ ಖರ್ಚನ್ನು ಮೀರುತ್ತಿತ್ತು. ಶಿವಮೊಗ್ಗದ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ. ಬರೀ ರಬ್ಬರ್ ಕಿಟ್ ಹಾಕಬಹುದಾ ಅಂತ ಕೇಳಿದ್ದಕ್ಕೆ, 'ಒಳಗೋಡೆ ಗೀರುಬಿದ್ದಿದ್ರೆ ಹೊಸ ರಬ್ಬರ್ ತಿಂಗಳು ಬರಲ್ಲ ಮೇಡಂ, ಹಳೇ ಗಾಡಿಗೆ ಪೂರ್ತಿ ಸಿಲಿಂಡರೇ ಹಾಕಿ' ಅಂದರು. ಸಿಲಿಂಡರ್, ಅರ್ಧ ಲೀಟರ್ ಬ್ರೇಕ್ ಎಣ್ಣೆ, ಪೈಪಿನ ನಟ್ಟಿಗೆಂದೇ ಇರುವ ಫ್ಲೇರ್ ಸ್ಪ್ಯಾನರ್ - ಮೂರೂ ಸೇರಿ ಮೂರು ಸಾವಿರದೊಳಗೆ ಆಯಿತು. ಶನಿವಾರ ಸಂಜೆ ಬಸ್ಸಿನ ಪಾರ್ಸಲ್‌ನಲ್ಲಿ ಬಂದಿಳಿಯಿತು.

ಭಾನುವಾರ ತಿಂಡಿ ಮುಗಿಸಿ ಹಳೆ ಚೂಡಿದಾರ ಹಾಕಿಕೊಂಡು ಶುರುಮಾಡಿದೆ. ಗಾಡಿ ಸಮತಟ್ಟಾದ ಜಾಗದಲ್ಲಿ, ನಾಲ್ಕು ಚಕ್ರಕ್ಕೂ ಕಲ್ಲು, ಹ್ಯಾಂಡ್‌ಬ್ರೇಕ್ ಗಟ್ಟಿ. ಕ್ವಾಲಿಸ್ ಎತ್ತರದ ಗಾಡಿ, ಜಾಕ್ ಇಲ್ಲದೆಯೇ ಕೆಳಗೆ ನುಸುಳಬಹುದು. ತಗ್ಗಿನ ಕಾರಾದರೆ ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬಾರದು. ಗಟ್ಟಿ ಸ್ಟ್ಯಾಂಡ್ ಇಟ್ಟೇ ಹೋಗಬೇಕು.

ಮೊದಲ ಕೆಲಸ, ಡಬ್ಬಿಯ ಹಳೆ ಎಣ್ಣೆಯನ್ನು ಸಿರಿಂಜಿನಿಂದ ಎಳೆದು ತೆಗೆಯುವುದು. ಕಾಫಿ ಕಷಾಯದ ಬಣ್ಣ ಬಂದಿತ್ತು. ಈ ಎಣ್ಣೆ ಪೇಂಟಿನ ವೈರಿ. ಒಂದು ಹನಿ ಬಿದ್ದರೂ ಬಣ್ಣ ಎದ್ದುಬರುತ್ತದೆ. ಅದಕ್ಕೆ ಸುತ್ತ ಹಳೆ ಬಟ್ಟೆ ಹಾಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡೆ. ಬಿದ್ದ ಕೂಡಲೇ ನೀರು ಸುರಿದರೆ ತೊಳೆದುಹೋಗುತ್ತದೆ. ಪೈಪಿನ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿದ್ದೆ. ಸಾದಾ ಸ್ಪ್ಯಾನರ್ ಹಾಕಿದರೆ ಈ ನಟ್ಟಿನ ಮೂಲೆಗಳು ಸವೆದು ಉರುಟಾಗುತ್ತವೆ, ಆಮೇಲೆ ಪೈಪನ್ನೇ ಕತ್ತರಿಸಬೇಕಾದ ಪರಿಸ್ಥಿತಿ. ಫ್ಲೇರ್ ಸ್ಪ್ಯಾನರ್ ಸುತ್ತಲೂ ಹಿಡಿದುಕೊಳ್ಳುತ್ತದೆ. 'ಕಟ್' ಅಂತ ಒಂದು ಸದ್ದು ಮಾಡಿ ಬಿಟ್ಟುಕೊಂಡಿತು.

ಕಷ್ಟ ಇರುವುದು ಒಳಗಡೆ, ಪೆಡಲ್ ಹತ್ತಿರ. ಸೀಟಿನ ಮೇಲೆ ಕಾಲು, ನೆಲದ ಮೇಲೆ ಬೆನ್ನು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ, ಬಾಯಲ್ಲಿ ಟಾರ್ಚು. ಪೆಡಲಿಗೂ ಸರಳಿಗೂ ಕೊಂಡಿ ಹಾಕಿದ ಪಿನ್ನು, ಅದಕ್ಕೊಂದು ಪುಟ್ಟ ಕ್ಲಿಪ್ಪು. ಕ್ಲಿಪ್ ತೆಗೆದು ಪಿನ್ ಎಳೆದು, ಎರಡು ನಟ್ ಬಿಚ್ಚಿದರೆ ಸಿಲಿಂಡರ್ ಕೈಗೆ ಬರುತ್ತದೆ. ಹೇಳಲಿಕ್ಕೆ ಒಂದು ವಾಕ್ಯ, ಮಾಡಲಿಕ್ಕೆ ಒಂದೂವರೆ ಗಂಟೆ. ನಡುವೆ ಅತ್ತೆ ಎರಡು ಸಲ ಬಂದು, 'ಹುಡುಗಿ ಕಾಲು ಮಾತ್ರ ಕಾಣ್ತದೆ, ಜೀವ ಇದೆಯಾ?' ಅಂತ ವಿಚಾರಿಸಿ ಹೋದರು. ಹೊಸದನ್ನು ಕೂರಿಸುವ ಮುಂಚೆ ಹಳೆಯದರ ಪಕ್ಕ ಇಟ್ಟು ಸರಳಿನ ಉದ್ದ ಸಮ ಮಾಡಿಕೊಂಡೆ. ಪೈಪಿನ ನಟ್ಟನ್ನು ಮೊದಲು ಬೆರಳಿನಲ್ಲೇ ಸುತ್ತಿ, ದಾರ ಸರಿಯಾಗಿ ಹಿಡಿದ ಮೇಲೆ ಸ್ಪ್ಯಾನರ್ ಹಾಕಿದೆ.

ಇಲ್ಲಿಗೆ ಒಬ್ಬರು ಮಾಡುವ ಕೆಲಸ ಮುಗಿಯಿತು. ಹೊಸ ಸಿಲಿಂಡರ್, ಪೈಪು - ಒಳಗೆಲ್ಲ ಗಾಳಿ. ಅದನ್ನು ಹೊರಹಾಕುವುದಕ್ಕೆ ಬ್ಲೀಡ್ ಮಾಡುವುದು ಅನ್ನುತ್ತಾರೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸ್ಲೇವ್ ಸಿಲಿಂಡರಿನ ನಿಪ್ಪಲ್ ತೆರೆದು ಮುಚ್ಚಬೇಕು. ಅತ್ತೆಯ ಮಂಡಿಗೆ ಆಗದು. ನಾನು ಜಗುಲಿಗೆ ಹೋಗಿ, 'ಮಾವ, ಪೆಡಲ್ ಒತ್ತೋಕೆ ಒಬ್ರು ಬೇಕು' ಅಂದೆ.

ಅವರು ಪೇಪರ್ ಮಡಚಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕೊಟ್ಟಿಗೆಗೆ ನಡೆದರು. ಎರಡು ವರ್ಷದ ಮೇಲೆ. ಬಾಗಿಲು ತೆರೆಯುವಾಗ ಕೈ ಹಿಡಿಯನ್ನು ತಡಕಿತು, ಆದರೆ ಸೀಟಿಗೆ ಕೂತ ಮೇಲೆ ಯಾವುದನ್ನೂ ತಡಕಲಿಲ್ಲ. ಕೂತವರೇ ಕೇಳಿದ್ದು, 'ಕೀ ಎಲ್ಲಿದೆ?'

ನನ್ನ ಎದೆ ಒಂದು ಕ್ಷಣ ಡವ್ ಅಂದಿತು. 'ನನ್ನ ಹತ್ರ' ಅಂದೆ.

'ನೀನೇ ಇಟ್ಕೋ. ಗಾಡಿ ಕೆಳಗೆ ಮಲಗೋರ ಹತ್ರನೇ ಕೀ ಇರ್ಬೇಕು. ಅದು ನಿಯಮ.'

ನಿಪ್ಪಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ತುದಿ ಸ್ವಲ್ಪ ಎಣ್ಣೆ ಇರುವ ಬಾಟಲಿಯೊಳಗೆ ಮುಳುಗಿಸಿ, ಗೋಣಿಚೀಲದ ಮೇಲೆ ಮಲಗಿದೆ. 'ಒತ್ತಿ' ಅಂದರೆ ಒತ್ತಬೇಕು. 'ಹಿಡ್ಕೊಳ್ಳಿ' ಅಂದಾಗ ಹಾಗೇ ಹಿಡಿದಿರಬೇಕು. ಆಗ ನಾನು ನಿಪ್ಪಲ್ಲನ್ನು ಕಾಲು ಸುತ್ತು ಬಿಚ್ಚುತ್ತೇನೆ, ಗಾಳಿ ಗುಳುಗುಳು ಅನ್ನುತ್ತ ಎಣ್ಣೆಯ ಜೊತೆ ಹೊರಬರುತ್ತದೆ, ಪೆಡಲ್ ನೆಲಕ್ಕೆ ಇಳಿಯುತ್ತದೆ. ನಾನು ಮುಚ್ಚಿದ ಮೇಲೆಯೇ 'ಬಿಡಿ'. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಹೋದ ಗಾಳಿ ವಾಪಸು ಒಳಗೆ ಬರುತ್ತದೆ. ಮೇಲೆ ಕೂತವರಿಗೆ ಕೆಳಗಿನದು ಕಾಣದು, ಕೆಳಗೆ ಮಲಗಿದವರಿಗೆ ಮೇಲಿನದು ಕಾಣದು. ಇಬ್ಬರ ನಡುವೆ ಇರುವುದು ದನಿ ಒಂದೇ. ಕಣ್ಣು ಎಷ್ಟು ಚೆನ್ನಾಗಿದ್ದರೂ ಆ ಸೀಟಿನಲ್ಲಿ ಪ್ರಯೋಜನವಿಲ್ಲ.

'ಒತ್ತಿ.' 'ಒತ್ತಿದೆ.' 'ಹಿಡ್ಕೊಳ್ಳಿ.' 'ಹಿಡ್ದಿದೀನಿ.' 'ಬಿಡಿ.' 'ಬಿಟ್ಟೆ.' ಶುರುವಿನಲ್ಲಿ ಪೆಡಲ್ ತಾನಾಗಿ ಮೇಲೆ ಬರುವುದಿಲ್ಲ. ಹೆಬ್ಬೆರಳನ್ನು ಅದರ ಕೆಳಗೆ ತೂರಿಸಿ ಎತ್ತಬೇಕು. ನಾನು ಹೇಳುವ ಮೊದಲೇ ಮಾವ ಎತ್ತುತ್ತಿದ್ದರು. ನಾಲ್ಕೈದು ಸಲಕ್ಕೊಮ್ಮೆ ಎದ್ದು ಹೋಗಿ ಡಬ್ಬಿ ತುಂಬಿಸುತ್ತಿದ್ದೆ; ಅದು ಖಾಲಿಯಾದರೆ ಮತ್ತೆ ಗಾಳಿ ಎಳೆದುಕೊಂಡು ಎಲ್ಲ ಮೊದಲಿನಿಂದ.

ಇಪ್ಪತ್ತೈದು ಸಲ ಆಯಿತು. ನಳಿಗೆಯಲ್ಲಿ ಒಂದೂ ಗುಳ್ಳೆ ಇಲ್ಲ, ಆದರೂ ಪೆಡಲ್ ಮೆತ್ತಗೇ ಇದೆ ಅಂದರು ಮಾವ. ನನಗೆ ತಲೆಬಿಸಿ. ಸ್ಲೇವ್ ಸಿಲಿಂಡರೂ ಹೋಗಿದೆಯೋ ಏನೋ! ಮೇಲಿನಿಂದ ದನಿ ಬಂತು: 'ತಾಳು, ಮಾತಾಡ್ಬೇಡ.' ನಿಧಾನಕ್ಕೆ ಒತ್ತಿದರು, ಬಿಟ್ಟರು. ಮತ್ತೆ ಒತ್ತಿದರು.

'ಮೇಲಿನ ಎರಡಿಂಚು ಖಾಲಿ. ಆಮೇಲೆ ಹಿಡೀತದೆ. ಗಾಳಿ ಕೆಳಗಿಲ್ಲ, ಮಾಸ್ಟರ್ ಬಾಯಲ್ಲೇ ಕೂತಿದೆ. ಗಾಳಿ ಯಾವತ್ತಾದ್ರೂ ಇಳಿಯೋದುಂಟಾ? ಮೇಲೆ ಪೈಪಿನ ನಟ್ ಸಡಿಲ ಮಾಡು, ನಾ ಒತ್ತುತೀನಿ.'

ಗಾಳಿ ಮೇಲೇರುತ್ತದೆ ಅನ್ನುವುದು ವಿಜ್ಞಾನದ ಟೀಚರಿಗೆ ಗೊತ್ತಿಲ್ಲದ್ದಲ್ಲ. ಆದರೆ ಅದು ಎಲ್ಲಿ ಕೂತಿದೆ ಅಂತ ಹೇಳಿದ್ದು ಅವರ ಅಂಗಾಲು. ಬಟ್ಟೆ ಸುತ್ತಿ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದೆ. ಅವರು ಮೆಲ್ಲಗೆ ಒತ್ತಿದರು. ಹುಸ್ಸ್ ಅಂತ ನೊರೆ ಬಂತು. ಬಿಗಿಮಾಡಿ, 'ಬಿಡಿ' ಅಂದೆ. ಹೀಗೆ ಮೂರು ಸಲ. ಆಮೇಲೆ ಕೆಳಗೆ ಇನ್ನೊಂದು ಐದು ಸಲ. ಆರನೆಯ ಸಲ 'ಒತ್ತಿ' ಅಂದಾಗ ಮೇಲಿನಿಂದ ಉತ್ತರ ಬರಲಿಲ್ಲ. ಏನಾಯಿತೋ ಅಂತ ಹೊರಗೆ ಬಂದು ನೋಡಿದರೆ, ಮಾವ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು, ಕ್ಲಚ್ಚಿನ ಮೇಲೆ ಕಾಲಿಟ್ಟು, ಮುಂದಿನ ಗಾಜಿನಾಚೆಯ ಕೊಟ್ಟಿಗೆಯ ಗೋಡೆಯನ್ನೇ ನೋಡುತ್ತಿದ್ದರು. 'ಬಂತು' ಅಂದರು. ಕ್ಲಚ್ಚಿಗೇ ಹೇಳಿದ್ದಿರಬೇಕು.

ಅವರನ್ನು ಪಕ್ಕದ ಸೀಟಿಗೆ ಕೂರಿಸಿ, ಇಂಜಿನ್ ಶುರುಮಾಡಿ ರಿವರ್ಸ್ ಹಾಕಿದೆ. ಕರಕರ ಇಲ್ಲದೆ ಬೆಣ್ಣೆಯ ಹಾಗೆ ಬಿತ್ತು. ಡಾಂಬರು ರಸ್ತೆಯ ತನಕ ಹೋಗಿ ಬಂದೆವು. 'ಇನ್ನೊಂಚೂರು ಮೇಲೆ ಹಿಡೀತಿದೆ, ಸರಳನ್ನ ಅರ್ಧ ಸುತ್ತು ತಿರುಗಿಸು' ಅಂದರು. ತಿರುಗಿಸಿದೆ. ಪೆಡಲಿನ ತುದಿಯಲ್ಲಿ ಕೆಲವು ಮಿಲಿಮೀಟರ್ ಸಡಿಲ ಇರಲೇಬೇಕು. ಇಲ್ಲದಿದ್ದರೆ ಕ್ಲಚ್ ಯಾವಾಗಲೂ ಅರ್ಧ ಒತ್ತಿದ ಹಾಗಾಗಿ ಬೇಗ ಸವೆಯುತ್ತದೆ.

ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಎರಡು ಮಾತು. ಡಬ್ಬಿಯ ಮುಚ್ಚಳದ ಮೇಲೆ ಯಾವ ಎಣ್ಣೆ ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 3 ಮತ್ತು ಡಾಟ್ 4 ಒಂದೇ ಜಾತಿ. ಡಾಟ್ 5 ಸಿಲಿಕೋನಿನದು, ಅದನ್ನು ಬೆರೆಸಬಾರದು. ಇಂಜಿನ್ ಆಯಿಲ್ ಹಾಕಿದರೆ ರಬ್ಬರ್ ಉಬ್ಬಿ ಎಲ್ಲ ಹಾಳು. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹೋದ ವರ್ಷ ತೆರೆದಿಟ್ಟ ಡಬ್ಬಿ ಬೇಡ, ಹೊಸದೇ ತನ್ನಿ. ಇನ್ನೊಂದು ಮಾತು: ಕ್ಲಚ್ ಕೈಕೊಟ್ಟರೆ ಸಾಮಾನ್ಯವಾಗಿ ಗಾಡಿ ನಿಲ್ಲುತ್ತದೆ, ಬ್ರೇಕ್ ಕೈಕೊಟ್ಟರೆ ನಿಲ್ಲುವುದೇ ಇಲ್ಲ. ಬ್ರೇಕಿನ ಕೆಲಸವನ್ನು ಬಲ್ಲವರಿಗೇ ಬಿಡಿ. ಕೆಲವು ಕಾರುಗಳಲ್ಲಿ ಎರಡಕ್ಕೂ ಒಂದೇ ಡಬ್ಬಿ ಇರುತ್ತದೆ, ಅಂಥದ್ದನ್ನೂ ಮುಟ್ಟಬೇಡಿ.

ಮಾವನ ಕಣ್ಣು ಮೊದಲಿನ ಹಾಗೆ ಆಗುವುದಿಲ್ಲ. ಅವರು ಇನ್ನು ಗಾಡಿ ಓಡಿಸುವುದೂ ಇಲ್ಲ, ಅದರಲ್ಲಿ ರಾಜಿಯಿಲ್ಲ. ಆದರೆ ಈಗ ಪ್ರತಿ ಭಾನುವಾರ ಕೊಟ್ಟಿಗೆಗೆ ಹೋಗಿ ಬಾನೆಟ್ ಎತ್ತುತ್ತಾರೆ. ಟಾರ್ಚ್ ಹತ್ತಿರ ಹಿಡಿದು ಎಣ್ಣೆಯ ಮಟ್ಟ ನೋಡುತ್ತಾರೆ, ಟೈರು ಒತ್ತಿ ನೋಡುತ್ತಾರೆ, ಪೆಡಲ್ ಹಿಂದಿನ ಗೋಡೆಯನ್ನು ಬೆರಳಿನಿಂದ ಸವರಿ ಮೂಸುತ್ತಾರೆ. ನಾನು ಶಾಲೆಯಿಂದ ಬಂದರೆ, 'ಇವತ್ತು ಏರಿನಲ್ಲಿ ಥರ್ಡ್ ಗೇರಲ್ಲೇ ಎಳೆಸಿದ್ಯಾ? ಸದ್ದು ಇಲ್ಲಿಗೇ ಕೇಳ್ತು' ಅನ್ನುತ್ತಾರೆ. ಗಾಡಿ ಮಾರುವ ಮಾತನ್ನು ನನ್ನವರು ಆಮೇಲೆ ಎತ್ತಿಲ್ಲ. 2028 ಬರಲಿ, ಆಗ ನೋಡೋಣ.

ಅವತ್ತು ರಾತ್ರಿ ಊಟವಾದ ಮೇಲೆ ಮಾವ ಕಪಾಟಿನಿಂದ ನೀಲಿ ನೋಟ್‌ಬುಕ್ ತೆಗೆಸಿದರು. ನಾನು ಬರೆದುಕೊಡುತ್ತೇನೆ ಅಂದದ್ದಕ್ಕೆ ಬೇಡವೆಂದರು. ದೀಪದ ಹತ್ತಿರ ಕೂತು, ಸ್ಕೇಲಿಟ್ಟುಕೊಂಡು, ಬಹಳ ಹೊತ್ತು ಬರೆದರು. ಅಕ್ಷರ ಗೆರೆಯಿಂದ ಕೆಳಗೆ ಜಾರಿದೆ, ಒಂದು ಕಾಲಮ್ ಇನ್ನೊಂದರ ಮೇಲೆ ಹತ್ತಿದೆ. ಆದರೂ ಓದಲಿಕ್ಕೆ ಬರುತ್ತದೆ. 'ಕೆಲಸ: ಕ್ಲಚ್ ಮಾಸ್ಟರ್ ಸಿಲಿಂಡರ್ ಬದಲು. ಮಾಡಿದವರು: ಸೊಸೆ. ಪೆಡಲ್: ನಾನು.'